ರಾಶಿ, ಬೆಟ್ಟೆ, ಗೊರಬಲು ಮತ್ತು ಟಿ.ಸಿ.

ಎಂಟನೇ ಕ್ಲಾಸಿನ ಹುಡುಗನೊಬ್ಬ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ‘ಒಬ್ಬೊಬ್ಬರನ್ನೂ ಮುಗಿಸ್ತೀನಿ’ ಎಂದು ಬರೆದ ಕತೆ ನಿಮ್ಮ ಮೊಬೈಲಿಗೂ ಬಂದಿರುತ್ತದೆ. ಶಾಲೆಯ ಹೆಸರು ಬೇಡ. ಅದರ ಚುರುಕನ್ನು ಮಾತ್ರ ಮೆಚ್ಚಬೇಕು. ಪ್ರಾರ್ಥನೆ ಹೊತ್ತಿಗೆ ಪುಟ ಸಿಕ್ಕಿತು, ಊಟದ ಬೆಲ್ಲಿಗೆ ಮುಂಚೆ ಟಿ.ಸಿ. ತಯಾರು. ಅದೇ ಆಫೀಸಿಗೆ ಒಂದು ವ್ಯಾಸಂಗ ಪ್ರಮಾಣಪತ್ರಕ್ಕೆ ನಾನು ನಾಲ್ಕು ಸಲ ಅಲೆದಿದ್ದೇನೆ.

‘ಮುಗಿಸ್ತೀನಿ’ ಅನ್ನುವ ಮಾತಿನ ತೂಕ ಎಷ್ಟು? ನಮ್ಮಜ್ಜಿ ದಿನಕ್ಕೆ ನಾಲ್ಕು ಸಲ ನನ್ನನ್ನು ಸಿಗಿದು ತೋರಣ ಕಟ್ಟುತ್ತಿದ್ದಳು, ಐದನೇ ಸಲ ಕರೆದು ಕಡುಬು ಕೊಡುತ್ತಿದ್ದಳು. ಲೆಕ್ಕದ ಮೇಷ್ಟ್ರು ಇಡೀ ಕ್ಲಾಸಿನ ಚರ್ಮ ಸುಲಿಯುವ ಮಾತಾಡಿಯೇ ರಿಟೈರಾದರು. ಅವರಿಗೆ ಹಾರ ಹಾಕಿ ಕಳಿಸಿದೆವು.

ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದವರು 2001ರಲ್ಲೇ ಇದಕ್ಕೊಂದು ಕ್ರಮ ರೂಪಿಸಿದ್ದಾರೆ. ಮೊದಲು ಹುಡುಗನ ಹತ್ತಿರ ಕೂತು ಕೇಳಬೇಕು: ಏನಂದೆ, ಯಾಕಂದೆ? ಸಿಟ್ಟಿಗೆ ಬಾಯಿಗೆ ಬಂದದ್ದಾದರೆ ಅಲ್ಲೇ ಬಗೆಹರಿಸುವುದು. ಯಾರನ್ನು, ಹೇಗೆ ಎಂದು ಲೆಕ್ಕ ಹಾಕಿಕೊಂಡಿದ್ದರೆ ಗುರಿಯಾದವರನ್ನು ಕಾಪಾಡಿ, ಪೊಲೀಸರನ್ನೂ ಆಪ್ತಸಮಾಲೋಚಕರನ್ನೂ ಕರೆಯುವುದು. ನಮಗಿದು ಹೊಸದೇ? ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಚೀಲಕ್ಕೆ ಕೈಹಾಕಿ ಒಂದು ಹಿಡಿ ತೆಗೆದರೆ ಸಾಕು, ಇದು ರಾಶಿ, ಇದು ಬೆಟ್ಟೆ, ಇದು ಗೊರಬಲು ಎಂದು ಕಣ್ಣಳತೆಯಲ್ಲೇ ಹೇಳುವ ಜನ ನಾವು. ಮಗುವಿನ ಮಾತಾದರೆ ಮಾತ್ರ ಎಲ್ಲ ಒಂದೇ ಚೀಲ. ಬಾಯಿ ಹೊಲಿದು ಪಕ್ಕದೂರಿಗೆ ರವಾನೆ.

‘ಆಯುಧ ಕೈಗೆ ಸಿಗುತ್ತದೆಯೇ’ ಎಂದೂ ವಿಚಾರಿಸಬೇಕಂತೆ. ಕತ್ತಿ ಇಲ್ಲದ ಮನೆ ಇಲ್ಲಿ ಯಾವುದಿದೆ ಮಾರಾಯ್ರೆ? ಸೊಪ್ಪು ಕಡಿಯಲು ಒಂದು, ಅಡಿಕೆ ಸುಲಿಯಲು ಮೆಟ್ಟುಗತ್ತಿ, ಮಂಗ ಓಡಿಸಲು ಗರ್ನಾಲು, ಹಂದಿಗೆ ಕೋವಿ. ಆ ಕೋವಿಯ ಪಾಡೇ ಬೇರೆ. ಚುನಾವಣೆ ಬಂತೆಂದರೆ ಠಾಣೆಗೆ ಒಪ್ಪಿಸಬೇಕು. ಎಂಬತ್ತು ದಾಟಿದ, ಕಣ್ಣು ಮಂಜಾದ ನಮ್ಮ ದೊಡ್ಡಪ್ಪನಿಂದ ಪ್ರಜಾಪ್ರಭುತ್ವಕ್ಕೆ ಅಪಾಯವಿರುವುದರಿಂದ, ಪ್ರತಿ ಸಲ ಅವರು ಗೋಣಿಯಲ್ಲಿ ಕೋವಿ ಸುತ್ತಿಕೊಂಡು ಬಸ್ಸು ಹತ್ತುತ್ತಾರೆ. ಮಂಗಗಳಿಗೆ ನೀತಿಸಂಹಿತೆ ಇಲ್ಲ. ಅವು ಫಲಿತಾಂಶ ಬರುವ ತನಕ ತೋಟದಲ್ಲೇ ಬಹಿರಂಗ ಸಭೆ ಮಾಡುತ್ತವೆ. ಎಂತ ಹೇಳ್ತಾ ಇದ್ದೆ? ಹಾಂ, ಹುಡುಗ.

2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಎಂಟನೇ ಕ್ಲಾಸು ಮುಗಿಯುವ ತನಕ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಛೆ, ಹೊರಹಾಕಿದವರು ಯಾರು? ಅಪ್ಪನನ್ನು ಕರೆಸಿ ‘ಸ್ವಇಚ್ಛೆಯಿಂದ’ ಅರ್ಜಿ ಬರೆಸಿಕೊಂಡರು. ಸ್ವಇಚ್ಛೆಯ ಒಕ್ಕಣೆಯನ್ನು ಕ್ಲಾರ್ಕ್ ಹೇಳಿಕೊಟ್ಟ.

2023ರ ಡಿಸೆಂಬರ್ 1ರಂದು ಬೆಂಗಳೂರಿನ 60ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಇಮೇಲ್ ಬಂದಾಗ ನಾಯಿ ಬಂತು, ಬಾಂಬ್ ದಳ ಬಂತು, ಮೂಲೆಮೂಲೆ ಹುಡುಕಿದರು. ಬರೀ ಹುಸಿ. ಊರು ಹೆಸರಿಲ್ಲದ ಬೆದರಿಕೆಗೆ ಅಷ್ಟು ಮರ್ಯಾದೆ. ಹೆಸರು, ರೋಲ್ ನಂಬರು, ಬೆಂಚು ಎಲ್ಲ ಇದ್ದ ಹುಡುಗನ ಹತ್ತಿರ ಬಂದದ್ದು ಫಾರಂ ಹಿಡಿದ ಅಟೆಂಡರ್ ಒಬ್ಬನೇ.

ಸಾಕು ತಮಾಷೆ. ಶಾಲೆಯ ವ್ಯಾನಿನಲ್ಲಿ ಮೂರು ತಿಂಗಳಿಂದ ಆ ಹುಡುಗನ ಬುತ್ತಿ ಕಿತ್ತು ಹೊರಗೆಸೆಯುತ್ತಿದ್ದರು. ಡ್ರೈವರಿಗೆ ಗೊತ್ತಿತ್ತು. ಬೆಂಚಿನವರಿಗೆಲ್ಲ ಗೊತ್ತಿತ್ತು. ಟೀಚರಿಗೆ ಎರಡು ಸಲ ಹೇಳಿದ್ದ, ‘ಅಡ್ಜಸ್ಟ್ ಮಾಡ್ಕೊ’ ಅಂದರಂತೆ. ಅಮೆರಿಕದ ಸೀಕ್ರೆಟ್ ಸರ್ವಿಸ್ ಮತ್ತು ಶಿಕ್ಷಣ ಇಲಾಖೆ 37 ಶಾಲಾ ದಾಳಿಗಳನ್ನು ಕೆದಕಿ 2002ರಲ್ಲಿ ಕೊಟ್ಟ ವರದಿಯಲ್ಲಿ, ನೂರಕ್ಕೆ 81 ದಾಳಿಗಳ ಸುಳಿವು ಮೊದಲೇ ಒಬ್ಬರಿಗಾದರೂ ಇತ್ತು. ಇಲ್ಲಿ ಸುಳಿವೇನು ಬಂತು, ಹುಡುಗನೇ ಬಾಯಲ್ಲಿ ಎರಡು ಸಲ, ಪೆನ್ನಲ್ಲಿ ಒಂದು ಸಲ ಹೇಳಿದ. ಕೂತು ಕೇಳಲು ಯಾರಿಗೂ ಹತ್ತು ನಿಮಿಷ ಇರಲಿಲ್ಲ. ಅವನು ನಿಜಕ್ಕೂ ಅಪಾಯವಾಗಿದ್ದರೆ ಪಕ್ಕದೂರಿನ ಮಕ್ಕಳು ಏನು ಪಾಪ ಮಾಡಿದ್ದರು? ಅಲ್ಲವಾಗಿದ್ದರೆ ಅವನೇನು ಮಾಡಿದ್ದ?

ಅವರಪ್ಪ ಆ ಟಿ.ಸಿ. ತೋರಿಸಿದರು. ನಡತೆ ಎಂಬಲ್ಲಿ ದುಂಡಗಿನ ಅಕ್ಷರದಲ್ಲಿ ‘ಉತ್ತಮ’ ಎಂದಿದೆ. ಹಾಗೆ ಬರೆಯದಿದ್ದರೆ ಪಕ್ಕದೂರಿನ ಶಾಲೆಯವರು ಸೇರಿಸಿಕೊಳ್ಳುವುದಿಲ್ಲವಂತೆ.