ನಾಕು ತೊಡೆಯ ಮಿಡತೆ

ಕಾಗದದ ಹುಳು ಮಾಡೋದು ಕಲಿಸುವ ವಿಡಿಯೋ ಶುರುವಾಗಿದ್ದೇ ನಮ್ಮ ಮನೆಗೆ ಆಗಿಬರದ ಮಾತಿನಿಂದ. ಖಾಲಿಯಾದ ಟಾಯ್ಲೆಟ್ ರೋಲ್ ಒಂದನ್ನು ತೆಗೆದುಕೊಳ್ಳಿ ಅಂತ. ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಮನೆಯಲ್ಲಿ ಆ ಕೆಲಸಕ್ಕೆ ಬಾಲ್ದಿ, ಚೊಂಬು ಇವೆ, ಅವೆರಡೂ ಇವತ್ತಿನವರೆಗೆ ಖಾಲಿಯಾಗಿ ರೋಲ್ ಬಿಟ್ಟುಕೊಟ್ಟಿಲ್ಲ. ಬೇರೆ ವಿಡಿಯೋ ಹುಡುಕೋಣ ಅಂತ ನಾನು ಬೆರಳಾಡಿಸುವಷ್ಟರಲ್ಲಿ ಆರು ವರ್ಷದ ಮಗ ಅಡುಗೆಮನೆಯಿಂದ ಒಂದು ರಟ್ಟಿನ ಕೊಳವೆ ಹಿಡಿದುಕೊಂಡು ಬಂದ. "ಅಪ್ಪ, ಇದೂ ರೋಲೇ ಅಲ್ವಾ?" ರೋಲೇ. ಅವನ ಹಿಂದೆ ಅಡುಗೆಮನೆಯಿಂದ ಹಾಲ್‌ವರೆಗೆ ಬೆಳ್ಳಿಯ ರಸ್ತೆ ಹಾಸಿತ್ತು. ಶನಿವಾರವಷ್ಟೇ ತಂದಿದ್ದ ಚಪಾತಿ ಸುತ್ತುವ ಫಾಯಿಲ್, ಒಂಬತ್ತು ಮೀಟರಿನದ್ದು. ಒಂಬತ್ತು ಮೀಟರ್ ಅಂದ್ರೆ ಎಷ್ಟು ಉದ್ದ ಅಂತ ನನಗೆ ಗೊತ್ತಾಗಿದ್ದೇ ಅವತ್ತು.

ಜುಲೈ ತಿಂಗಳ ಭಾನುವಾರ, ಹೊರಗೆ ಸುರಿಯುವ ಮಳೆ. ಇವಳು ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲಿ ಏನೋ ಕಾರ್ಯಕ್ರಮ ಅಂತ ಬೆಳಿಗ್ಗೆಯೇ ಹೊರಟಿದ್ದಳು. ಭಾನುವಾರ ಅಂದ್ರೆ ಲೋಕಲ್ ಟ್ರೇನಿನ ಸೆಂಟ್ರಲ್ ಲೈನಿನಲ್ಲಿ ಹಳಿ ರಿಪೇರಿಯ ಮೆಗಾ ಬ್ಲಾಕು, ಜೊತೆಗೆ ಮಳೆ, ಅಂದ್ರೆ ವಾಪಸ್ ಬರೋದು ದೇವರಿಗೇ ಗೊತ್ತು. ಚಪ್ಪಲಿ ಹಾಕಿಕೊಳ್ಳುತ್ತ, "ಮಕ್ಕಳ ಕೈಗೆ ಮೊಬೈಲ್ ಕೊಡ್ಬೇಡಿ, ಏನಾದ್ರೂ ಮಾಡಿಸಿ" ಅಂದಳು. ಆ 'ಏನಾದ್ರೂ' ಇದು. ಕಾಗದದಲ್ಲಿ ಹುಳುಗಳ ಗೊಂಬೆ ಮಾಡಿ, ಕಡ್ಡಿ ಅಂಟಿಸಿ, ಸಂಜೆ ಗೊಂಬೆಯಾಟ ಆಡಿಸೋದು. ವರ್ಷವಿಡೀ ಜಿರಳೆ, ಇರುವೆ, ಸೊಳ್ಳೆ ಓಡಿಸೋದಕ್ಕೆ ಇಷ್ಟೊಂದು ದುಡ್ಡು ಸುರಿಯುವ ಮನೆಯಲ್ಲಿ ಕೂತು ಹುಳ ತಯಾರಿಸುವ ಐಡಿಯಾ ಯಾರದ್ದು ಅಂತ ಆಮೇಲೆ ವಿಚಾರಣೆ ನಡೀತು. ಆ ಕಥೆ ಬಿಡಿ.

ಕಡ್ಡಿ ಎಲ್ಲಿಂದ? ಉಡುಪಿಯಿಂದ ಬಂದಿರುವ ಅಮ್ಮ ಬರುವಾಗ ತೆಂಗಿನಗರಿಯ ಹಿಡಿಸೂಡಿ, ಅಂದ್ರೆ ಕಡ್ಡಿಪೊರಕೆ, ತಂದಿದ್ದರು. ಅದರಿಂದ ಒಂದೊಂದೇ ಎಳೆದೆವು. ಮಧ್ಯಾಹ್ನದ ಹೊತ್ತಿಗೆ ಹಿಡಿಸೂಡಿ ಹೋಗಿ ಬರೀ ಕಟ್ಟು ಉಳಿಯಿತು.

ಪಕ್ಕದ ಮನೆಯ ಮರಾಠಿ ಹುಡುಗನೂ ಬಂದು ಕೂತ. ಅವನು ಬಂದವನೇ ಎಂಟು ಕಾಲಿನ ಜೇಡ ಮಾಡಿದ. ಮೂರನೇ ಕ್ಲಾಸಿನ ನನ್ನ ಮಗಳು ಅದನ್ನು ಸ್ಪರ್ಧೆಯಿಂದಲೇ ಹೊರಗೆ ಹಾಕಿದಳು. ಕೀಟಕ್ಕೆ ಆರೇ ಕಾಲು, ಎರಡು ಮೀಸೆ, ದೇಹದಲ್ಲಿ ಮೂರು ಭಾಗ, ಜೇಡ ಕೀಟ ಅಲ್ಲವೇ ಅಲ್ಲ ಅಂತ. ಹುಡುಗ ಒಂದು ನಿಮಿಷ ಯೋಚಿಸಿ ಎರಡು ಕಾಲು ಹರಿದು ಹಾಕಿ, "ಆತಾ ಚಾಲೇಲ್?" ಅಂದ. ಈಗ ನಡಿಯುತ್ತಾ ಅಂತ. ಇಷ್ಟು ಬೇಗ ರಾಜಿ ಆಗುವವರು ನಮ್ಮ ಸೊಸೈಟಿ ಮೀಟಿಂಗಿನಲ್ಲಿ ಒಬ್ಬರೂ ಇಲ್ಲ.

ಮಗ ಮಿಡತೆ ಮಾಡುತ್ತಿದ್ದ. ಪಕ್ಕದ ಮನೆಯವನು ಅದನ್ನು ನೋಡಿ ಖುಷಿಯಿಂದ "ನಾಕತೋಡಾ!" ಅಂತ ಕೂಗಿದ. ಮರಾಠಿಯಲ್ಲಿ ಮಿಡತೆಗೆ ಹಾಗೇ ಹೇಳೋದು, ನಾಕ ಅಂದ್ರೆ ಮೂಗು, ತೋಡಾ ಅಂದ್ರೆ ಮುರಿಯುವಂಥದ್ದು. ಪಾಪದ ಹುಳಕ್ಕೆ ಮೂಗು ಮುರಿಯುವ ಹೆಸರು ಯಾಕೆ ಬಂತೋ. ನನ್ನ ಮಗನ ಕಿವಿಗೆ ಮಾತ್ರ ಅದು ಅಚ್ಚ ಕನ್ನಡದಲ್ಲಿ ಕೇಳಿಸಿತು. "ಅಪ್ಪ, ಅವನಿಗೆ ಕನ್ನಡ ಬರುತ್ತೆ! ನಾಕು ತೊಡೆ ಅಂತಿದಾನೆ." ಅಷ್ಟಂದು ಎಣಿಸಿ ನಾಲ್ಕೇ ಕಾಲು ಅಂಟಿಸಿ, ಫೆವಿಕಾಲ್ ಮೇಲೆ ಹೆಬ್ಬೆರಳು ಒತ್ತಿ ಹಿಡಿದ. ನಾನು ಆರು ಬೇಕು ಅಂದೆ. ಮಗಳೂ ಆರು ಅಂದಳು. "ಹೆಸರೇ ನಾಕು ತೊಡೆ ಅಂತ ಇದೆಯಲ್ಲ!" ಹಾಗೆ ನೋಡಿದ್ರೆ ತೊಡೆ ಅಂತ ಹೇಳಬಹುದಾದ್ದು ಮಿಡತೆಗೆ ಎರಡೇ, ಹಿಂದಿನ ಕಾಲಿನ ಆ ದಪ್ಪ ಭಾಗ, ಅದರ ಬಲದಿಂದಲೇ ಅದು ಹಾರೋದು, ಅಂತ ವಿವರಿಸಹೋದೆ. ಈಗ ಎರಡೋ, ನಾಲ್ಕೋ, ಆರೋ, ಒಂದು ಹೇಳು ಅಂದ. ಮಾತು ಬದಲಿಸೋಣ ಅಂತ, ಮಿಡತೆಯ ಕಿವಿ ತಲೆಯಲ್ಲಿಲ್ಲ, ಹೊಟ್ಟೆಯ ಪಕ್ಕದಲ್ಲಿರುತ್ತೆ ಗೊತ್ತಾ ಅಂದೆ. ಅದನ್ನು ತಕ್ಷಣ ಒಪ್ಪಿಕೊಂಡು ಹೊಟ್ಟೆಯ ಮೇಲೆ ಥೇಟ್ ನನ್ನದರ ಹಾಗೆ ದೊಡ್ಡದೊಂದು ಕಿವಿ ಬರೆದ.

ಚಿಟ್ಟೆ ನನ್ನ ಪಾಲಿಗೆ ಬಂತು. ಕಾಗದವನ್ನು ಎರಡಾಗಿ ಮಡಿಚಿ, ಮಡಿಕೆಯ ಕಡೆಯಿಂದ ಅರ್ಧ ಚಿಟ್ಟೆ ಬರೆದು ಕತ್ತರಿಸಿ ಬಿಡಿಸಿದರೆ ಇಡೀ ಚಿಟ್ಟೆ. "ಮಡಿಕೆ ಕಡೆ ಮಾತ್ರ ಕತ್ತರಿ ಹಾಕಬಾರದು, ನೋಡಿ" ಅನ್ನುತ್ತಲೇ ಮಡಿಕೆ ಕಡೆಯೇ ಕತ್ತರಿ ಹಾಕಿದೆ. ಒಂದೊಂದೇ ರೆಕ್ಕೆಯ ಎರಡು ಚಿಟ್ಟೆ ಬಿದ್ದವು. ಮಕ್ಕಳು ನಗಲಿಲ್ಲ, ಅದು ಇನ್ನೂ ಕಷ್ಟ. ಎರಡನೇ ಸಲ ಸರಿಯಾಗಿ ಬಂದಾಗ ಮಗಳು ಗುಲಾಬಿ ಬಣ್ಣ ತೆಗೆದಳು. ಮಹಾರಾಷ್ಟ್ರದ ರಾಜ್ಯ ಚಿಟ್ಟೆ ಬ್ಲೂ ಮಾರ್ಮನ್, 2015ರಲ್ಲಿ ಘೋಷಿಸಿದ್ದು, ಕಪ್ಪು ರೆಕ್ಕೆಯ ಮೇಲೆ ನೀಲಿ ಇರುತ್ತೆ, ಅದನ್ನೇ ಮಾಡೋಣ ಅಂದೆ. "ಅದು ಸರ್ಕಾರದ್ದು. ಇದು ನಂದು" ಅಂದಳು.

ಕಂಬಳಿಹುಳ ಒಂದು ಮಾತ್ರ ವಿಡಿಯೋದಲ್ಲಿದ್ದ ಹಾಗೇ ಬಂತು. ಉದ್ದದ ಕಾಗದದ ಪಟ್ಟಿಯನ್ನು ಬೀಸಣಿಗೆಯ ಹಾಗೆ ಹಿಂದೆ ಮುಂದೆ ಮಡಿಚಿ, ತಲೆಗೊಂದು ಬಾಲಕ್ಕೊಂದು ಕಡ್ಡಿ ಅಂಟಿಸಬೇಕು. ಕಡ್ಡಿಗಳನ್ನು ಹತ್ತಿರ ತಂದರೆ ಬೆನ್ನು ಗೂನಾಗುತ್ತೆ, ದೂರ ಮಾಡಿದರೆ ತೆವಳುತ್ತೆ. ಅಮ್ಮ ಇದನ್ನು ನೋಡಿ, "ಕಾಗದದ್ದು ಎಂತಕ್ಕೆ ಮಾರಾಯ? ನನ್ನ ಬೇವಿನ ಗಿಡದಲ್ಲಿ ಬೇಕಾದಷ್ಟು ಉಂಟಲ್ಲ" ಅಂದು ಗ್ಯಾಲರಿಯ ಕುಂಡದಿಂದ ಕರಿಬೇವಿನ ಎಲೆ ಸಮೇತ ಒಂದು ಹಸಿರು ಹುಳ ತಂದು ಸ್ಟೀಲ್ ಮುಚ್ಚಳದಲ್ಲಿ ಇಟ್ಟರು. ಈ ಹುಳಗಳು ಚಿಕ್ಕದಿರುವಾಗ ಥೇಟ್ ಹಕ್ಕಿ ಹಿಕ್ಕೆಯ ಹಾಗಿರುತ್ತವೆ, ಅದಕ್ಕೇ ಅಮ್ಮನ ಕಣ್ಣು ತಪ್ಪಿಸಿ ಅರ್ಧ ಗಿಡ ತಿಂದು ಮುಗಿಸಿರುತ್ತವೆ. ಮಗ ಮುಚ್ಚಳಕ್ಕೆ ಮೂಗು ತಾಗಿಸಿ ಕಾಲು ಎಣಿಸಿದ. ಹದಿನಾರು. ಮೂವರೂ ನನ್ನ ಕಡೆ ನೋಡಿದರು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಮೊಬೈಲ್ ನೋಡಿ ಬಂದೆ. ಮುಂದಿನ ಆರೇ ನಿಜವಾದ ಕಾಲು, ಹಿಂದಿನ ಹತ್ತು ಬರೀ ಮಾಂಸದ ಗುಬುಟು, ಚಿಟ್ಟೆಯಾಗುವಾಗ ಇರೋದಿಲ್ಲ. ಸತ್ಯವೇ, ಆದ್ರೆ ಅಷ್ಟೊತ್ತಿಗೆ ನನ್ನ ಮಾತಿಗೆ ಬೆಲೆ ಹೋಗಿತ್ತು.

ಅಷ್ಟರಲ್ಲಿ ಫೆವಿಕಾಲ್ ಖಾಲಿ. ಗೊಂಬೆಗೆ ಹೋಗಿದ್ದು ಕಡಿಮೆ. ಉಳಿದದ್ದನ್ನೆಲ್ಲ ಮೂವರೂ ಅಂಗೈಗೆ ಬಳಿದುಕೊಂಡು, ಒಣಗಿಸಿ, ಚರ್ಮ ಸುಲಿದ ಹಾಗೆ ಸುಲಿಯುತ್ತ ಕೂತಿದ್ದರು. ನಾನೂ ಒಂದು ಸಲ ಸುಲಿದೆ, ಸುಳ್ಳು ಯಾಕೆ ಹೇಳಲಿ. ಆ ಮಳೆಯಲ್ಲಿ ಅಂಗಡಿಗೆ ಯಾರು ಹೋಗ್ತಾರೆ ಅಂತ ಅಮ್ಮ ಮೈದಾ ಕುದಿಸಿ ಅಂಟು ಮಾಡಿಕೊಟ್ಟರು. "ಹಿಂದೆ ಪುಸ್ತಕ ಬೈಂಡ್ ಮಾಡುವವರು ಇದಕ್ಕೆ ಮೈಲುತುತ್ತ ಹಾಕ್ತಿದ್ರು, ಇಲ್ಲದಿದ್ರೆ ಹುಳ ಬರ್ತದೆ" ಅಂದರು. ಮೈಲುತುತ್ತ ವಿಷ, ಮಕ್ಕಳ ಕೈಗೆ ಬೇಡ, ಒಂದು ದಿನದ ಗೊಂಬೆಗೆ ಎಂಥ ಹುಳ ಅಮ್ಮ ಅಂತ ನಕ್ಕೆ. ಮಗ ನಿದ್ದೆಗೆ ಜಾರಿದ ಸಮಯ ನೋಡಿ, ಅದೇ ಮೈದಾ ಅಂಟಿನಲ್ಲಿ ಮಿಡತೆಗೆ ಬಾಕಿ ಎರಡು ಕಾಲು ಅಂಟಿಸಿದೆ.

ಸಂಜೆ ಬೆಡ್‌ಶೀಟು ಕಟ್ಟಿ ಹಿಂದೆ ಟಾರ್ಚ್ ಹಿಡಿದರೆ ಎಲ್ಲ ಹುಳವೂ ಬರೀ ಕರೀ ನೆರಳು, ಗುಲಾಬಿ ಎಲ್ಲಿ ಅಂತ ಮಗಳ ಅಳು. ತೊಗಲುಗೊಂಬೆಯಲ್ಲಿ ಬಣ್ಣ ಕಾಣೋದು ಹದ ಮಾಡಿದ ಚರ್ಮದಲ್ಲಿ ಬೆಳಕು ಹಾಯೋದ್ರಿಂದ ಅಂತ ನೆನಪಾಗಿ, ಚಿಟ್ಟೆಗೆ ತೆಂಗಿನೆಣ್ಣೆ ಸವರಿದೆ. ಆಹಾ, ಏನು ಚೆನ್ನಾಗಿ ಹೊಳೆಯಿತು ಅಂತೀರಿ! ಬೆಡ್‌ಶೀಟಿನ ಮೇಲೆ ಅದು ಇವತ್ತಿಗೂ ಇದೆ, ಮೂರು ಸಲ ಒಗೆದರೂ ರೆಕ್ಕೆ ಬಿಚ್ಚಿಕೊಂಡೇ ಕೂತಿದೆ.

ಇವಳು ರಾತ್ರಿ ಹತ್ತೂವರೆಗೆ ನೆನೆದುಕೊಂಡು ಬಂದಳು. ಮೊದಲು ಫಾಯಿಲ್ ನೋಡಿದಳು, ಆಮೇಲೆ ಹಿಡಿಸೂಡಿ, ಆಮೇಲೆ ಬೆಡ್‌ಶೀಟು. ಕೊನೆಗೆ ನನ್ನನ್ನು. "ಮೊಬೈಲ್ ಕೊಟ್ಟಿಲ್ಲ" ಅಂದೆ.

ಬೆಳಿಗ್ಗೆ ಮಗಳು ಕಿರುಚಿದ್ದಕ್ಕೆ ಎದ್ದೆ. ಗೊಂಬೆಗಳನ್ನು ಇಟ್ಟಿದ್ದ ಕಪಾಟಿನ ಮೇಲೆ ಕಿಟಕಿಯಿಂದ ಇರುವೆಗಳ ಸಾಲು, ಒಳ್ಳೆ ದಾದರ್ ಸ್ಟೇಷನ್ನಿನ ಬ್ರಿಜ್ಜಿನ ಹಾಗೆ, ಹೋಗುವವು ಬರುವವು ಡಿಕ್ಕಿ ಹೊಡೆದು ಮಾತಾಡಿಸಿಕೊಂಡು. ಚಿಟ್ಟೆಯ ಎಣ್ಣೆ ರೆಕ್ಕೆಯ ಮೇಲಂತೂ ಕಾಲಿಡಲು ಜಾಗ ಇಲ್ಲ. ರಾತ್ರಿ ಜಿರಳೆಯೂ ಬಂದು ಹೋಗಿರಬೇಕು, ಅದಕ್ಕೆ ಗಂಜಿಯ ಅಂಟು ಅಂದ್ರೆ ಪ್ರಾಣ. ಮೈದಾ ಹಚ್ಚಿದ್ದೆಲ್ಲ ಬಿಟ್ಟುಕೊಂಡಿತ್ತು. ಅಮ್ಮ ಚಾ ಕುಡಿಯುತ್ತ ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ.

ಮಗ ಮಾತ್ರ ಇರುವೆಗಳನ್ನು ಊದಿ ತನ್ನ ಮಿಡತೆಯನ್ನು ಎತ್ತಿಕೊಂಡ. ನಾನು ಅಂಟಿಸಿದ ಎರಡು ಕಾಲು ಕಳಚಿ ಬಿದ್ದಿದ್ದವು. ಫೆವಿಕಾಲಿನವು ಗಟ್ಟಿಯಾಗಿ ಹಾಗೇ ಇದ್ದವು. ಬೆರಳಿಟ್ಟು ಎಣಿಸಿದ, ಎರಡು ಸಲ. ಆಮೇಲೆ ಬಾಗಿಲು ತೆಗೆದು ಪಕ್ಕದ ಮನೆಯವನಿಗೆ ಕೂಗಿ ಹೇಳಿದ, "ನಾಕೇ!"