ಒಗೆಯೋ ಕಲ್ಲಿನ ಮೇಲೆ ಫೈವ್ ಜಿ

ಶಿವರಾತ್ರಿ ಕಳೆದ ವಾರ ಅಕ್ಕನ ಮಗಳು ಫೋನ್ ಮಾಡಿದ್ದಳು. ನಾನು ಎಂದಿನಂತೆ ಹಿತ್ತಲಿನ ಒಗೆಯೋ ಕಲ್ಲಿನ ಮೇಲೆ ನಿಂತಿದ್ದೆ, ನನಗೆ ಸಿಗ್ನಲ್ಲು ಸಿಗೋದು ಅಲ್ಲೇ. ಒಂದು ಕೈಯಲ್ಲಿ ಬಟ್ಟೆ ಒಣಗಿಸುವ ತಂತಿ, ಇನ್ನೊಂದರಲ್ಲಿ ಫೋನು. ಕಲ್ಲು ಒದ್ದೆ, ಕಾಲಲ್ಲಿ ಸವೆದ ಹವಾಯಿ ಚಪ್ಪಲಿ. "ಚಿಕ್ಕಮ್ಮ, ಹೊಸ ಫೋನ್ ತಗೊಂಡ್ರಲ್ಲ, ಹೆಂಗಿದೆ? ನಾನೂ ತಗೊಳ್ಳೋಣ ಅಂತಿದೀನಿ. ಅಷ್ಟು ದುಡ್ಡಿಗೆ ಲಾಯಕ್ಕಾ, ಇಲ್ಲಾ ಸುಮ್ನೆ ದಂಡಾನಾ?" ಅಂದಳು. "ನೋಡೇ, ವಿಷಯ ಏನಪ್ಪಾ ಅಂದ್ರೆ..." ಅಂತ ಶುರು ಮಾಡಿದೆ. ಬಲಗಾಲು ಒಂದಿಂಚು ಜಾರಿತು. ನಾನು ಬೀಳಲಿಲ್ಲ, ಫೋನು ಕಟ್ಟಾಯಿತು.

ಅವಳಿಗೆ ಬರೆದೇ ತಿಳಿಸೋಣ ಅಂತ ಆವತ್ತೇ ಕೂತೆ. ಹೌದು ಅಥವಾ ಇಲ್ಲ ಅಂದಿದ್ದರೆ ಅವಳಿಗೆ ಸಾಕಿತ್ತು. ಆದರೆ ನಾನು 34 ವರ್ಷ ಬ್ಯಾಂಕಿನಲ್ಲಿ ಇದ್ದವಳು, ಅದರಲ್ಲೂ ಹೆಚ್ಚಿನ ಕಾಲ ಸಾಲದ ಟೇಬಲ್ಲಿನಲ್ಲಿ. ಲೆಕ್ಕ ತೋರಿಸದೆ ಉತ್ತರ ಕೊಟ್ಟು ಅಭ್ಯಾಸ ಇಲ್ಲ.

ಫೋನಿನ ಬೆಲೆ 36 ಸಾವಿರ. ಅಂಗಡಿ ಹುಡುಗ "ನೋ ಕಾಸ್ಟ್ ಇಎಂಐ ಮೇಡಂ, ತಿಂಗಳಿಗೆ ಬರೀ 3 ಸಾವಿರ, ಬಡ್ಡಿ ಜೀರೋ" ಅಂದ. ಬಡ್ಡಿ ಜೀರೋ ಅಂತ ನನ್ನ ಮುಂದೆ! 2013ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ಎಲ್ಲ ಬ್ಯಾಂಕುಗಳಿಗೂ ಸುತ್ತೋಲೆ ಕಳಿಸಿ, ಶೂನ್ಯ ಬಡ್ಡಿ ಅನ್ನುವುದೇ ಇಲ್ಲ ಅಂತ ಹೇಳಿತ್ತು. ಆ ಸುತ್ತೋಲೆಗೆ ಸೀಲು ಹೊಡೆದು ಫೈಲಿಗೆ ಹಾಕಿದವಳು ನಾನು. ಸಾಲ ಹಾಗೇ ಇದೆ, ಹೆಸರು ಮಾತ್ರ ಬದಲಾಗಿದೆ. ಬಡ್ಡಿಯನ್ನು ಮೊದಲೇ ರಿಯಾಯಿತಿ ಅಂತ ಕಳೆದು ತೋರಿಸುತ್ತಾರೆ, ಆಮೇಲೆ ಕಂತಿನಲ್ಲಿ ಸೇರಿಸಿ ವಸೂಲಿ ಮಾಡುತ್ತಾರೆ. ನನ್ನ ಕಾರ್ಡಿನ ಶೇಕಡ 16ರ ಲೆಕ್ಕದಲ್ಲಿ ಬಡ್ಡಿ 2,936 ರೂಪಾಯಿ. ಆ ಬಡ್ಡಿಯ ಮೇಲೆ ಶೇಕಡ 18 ಜಿಎಸ್‌ಟಿ. ಜೊತೆಗೆ ಪ್ರೊಸೆಸಿಂಗ್ ಫೀಸು 199, ಅದರ ಮೇಲೂ ಜಿಎಸ್‌ಟಿ. ಬಡ್ಡಿ ಆ ರಿಯಾಯಿತಿಗೆ ವಜಾ ಆಯಿತು ಅನ್ನಿ, ಉಳಿದದ್ದೆಲ್ಲ ಕೂಡಿದರೆ ಬೆಲೆಯ ಮೇಲೆ ಕೈಯಿಂದ ಹೋದದ್ದು 763 ರೂಪಾಯಿ. ಇಷ್ಟೆಲ್ಲ ಗೊತ್ತಿದ್ದೂ ಸಹಿ ಹಾಕಿದೆ. ಯಾಕೆ ಅಂತ ಕೇಳಬೇಡಿ. ಅಂಗಡಿಯಲ್ಲಿ ಏಸಿ ಇತ್ತು, ಹುಡುಗ ಬಾದಾಮಿ ಹಾಲು ತರಿಸಿಕೊಟ್ಟಿದ್ದ.

ಅಮೆರಿಕದಲ್ಲಿರುವ ನನ್ನ ಅಕ್ಕನ ಮಗನಿಗೆ ಈ ರಗಳೆ ಇಲ್ಲ. ಅಲ್ಲಿ ನೆಟ್‌ವರ್ಕಿನವರೇ ಫೋನು ಕೊಟ್ಟು, ಎರಡೋ ಮೂರೋ ವರ್ಷಕ್ಕೆ ಕಟ್ಟಿಹಾಕಿಕೊಳ್ಳುತ್ತಾರೆ. ಅದನ್ನು ಕೇಳಿದಾಗ ಜೀತ ಅನ್ನಿಸಿತ್ತು. ಈಗ ಅನ್ನಿಸೋದು, ಬೈಯಬೇಕು ಅಂದರೆ ಅವನಿಗೆ ಒಂದೇ ಕಡೆ ಫೋನ್ ಮಾಡಿದರಾಯಿತು. ನಮಗಿಲ್ಲಿ ಫೋನು ಮಾರಿದವನು ಒಬ್ಬ, ಸಾಲ ಕೊಟ್ಟವನು ಇನ್ನೊಬ್ಬ, ಸಿಮ್ಮಿನವನು ಮಗದೊಬ್ಬ. ಒಬ್ಬೊಬ್ಬನೂ ಇನ್ನಿಬ್ಬರ ಕಡೆ ಕೈ ತೋರಿಸುತ್ತಾನೆ.

ರೀಚಾರ್ಜಿನ ವಿಷಯ ಎತ್ತಿದರೆ ನನಗೆ ಬಿಪಿ ಏರುತ್ತೆ. ತಿಂಗಳಿಗೆ 28 ದಿನ ಅಂತ ಯಾವ ಪಂಚಾಂಗದಲ್ಲಿದೆ? ವರ್ಷಕ್ಕೆ 13 ಸಲ ಕಟ್ಟಿಸಿಕೊಳ್ಳೋ ಉಪಾಯ ಅದು. ನನ್ನದು 349 ರೂಪಾಯಿಯ ಪ್ಲಾನು. ಹದಿಮೂರನೇ 349 ಯಾವ ತಿಂಗಳಿನದು ಅಂತ ನಮ್ಮ ಯಜಮಾನರನ್ನು ಕೇಳಿದರೆ "ಅಧಿಕ ಮಾಸ" ಅನ್ನುತ್ತಾರೆ. 2022ರ ಜನವರಿಯಲ್ಲಿ ಫೋನ್ ಕಂಪನಿಗಳಿಗೆ ನಿಯಮ ಹಾಕುವ ಟ್ರಾಯ್‌ನವರು, 30 ದಿನದ್ದೊಂದು ಪ್ಲಾನು, ಪ್ರತಿ ತಿಂಗಳೂ ಅದೇ ತಾರೀಕಿಗೆ ಕಟ್ಟುವಂಥದ್ದೊಂದು ಪ್ಲಾನು ಇರಲೇಬೇಕು ಅಂತ ಎಲ್ಲ ಕಂಪನಿಗಳಿಗೂ ತಾಕೀತು ಮಾಡಿದರು. ಇವೆ, ಇಲ್ಲ ಅನ್ನಲ್ಲ. ನನ್ನ ಆ್ಯಪಿನಲ್ಲಂತೂ ತಳದಲ್ಲಿವೆ, ಹೆಬ್ಬೆರಳು ಸೋಲುವವರೆಗೂ ತಳ್ಳಬೇಕು.

ಇಷ್ಟು ಕೊಟ್ಟಮೇಲೆ ನೆಟ್‌ವರ್ಕಾದರೂ ಸಿಗಬೇಕಲ್ಲ. ನಮ್ಮ ಮನೆ ಹನುಮಂತನಗರದಲ್ಲಿ. ಮಾವನವರು ಕಟ್ಟಿಸಿದ ಒಂದಂತಸ್ತಿನ ಮನೆ, ದಪ್ಪ ಗೋಡೆ. ಎಡಬಲದಲ್ಲಿ ನಾಲ್ಕು ನಾಲ್ಕು ಅಂತಸ್ತು ಎದ್ದು, ನಾವು ಬಾವಿಯ ತಳದಲ್ಲಿ ಉಳಿದಿದ್ದೇವೆ. ಕಂಪನಿಯ ವೆಬ್‌ಸೈಟಿನ ನಕ್ಷೆಯಲ್ಲಿ ನಮ್ಮ ಅಡುಗೆಮನೆಯೂ ಸೇರಿ ಇಡೀ ಬಡಾವಣೆ ಒಂದೇ ಬಣ್ಣ ಬಳಿದುಕೊಂಡು ಕೂತಿದೆ. ಅಡುಗೆಮನೆಯಲ್ಲಿ ನಿಂತು ನೋಡಿದರೆ ಒಂದು ಕಡ್ಡಿಯೂ ಇಲ್ಲ. ಕಸ್ಟಮರ್ ಕೇರಿಗೆ ಮಾಡಿ ಕನ್ನಡಕ್ಕೆ ಎಷ್ಟು ಒತ್ತಬೇಕೋ ಅಷ್ಟು ಒತ್ತಿದೆ. ಹಿಂದಿಯವನು ಬಂದ. ನಿಮ್ಮ ಏರಿಯಾದಲ್ಲಿ ಕವರೇಜು ಬಹಳ ಚೆನ್ನಾಗಿದೆ ಅಂದ. ನಾನು ಕಲ್ಲಿನ ಮೇಲೆ ನಿಂತೇ ಅದನ್ನು ಕೇಳಿಸಿಕೊಂಡೆ.

ಫೈವ್ ಜಿ ತಗೊಂಡರೆ ಎಲ್ಲ ಸರಿಹೋಗುತ್ತೆ ಅಂದಿದ್ದ ಬಾದಾಮಿ ಹಾಲಿನ ಹುಡುಗ. 2022ರ ಅಕ್ಟೋಬರಿನಲ್ಲಿ ಫೈವ್ ಜಿ ಶುರುವಾದಾಗ ಮೊದಲ ಊರುಗಳಲ್ಲೇ ಬೆಂಗಳೂರೂ ಇತ್ತಲ್ಲ, ನಾನೂ ನಂಬಿದೆ. ಗೋಡೆಯ ಸಮಾಚಾರ ಆಮೇಲೆ ಗೊತ್ತಾಯಿತು. ಅಲೆಯ ಫ್ರೀಕ್ವೆನ್ಸಿ ಹೆಚ್ಚಾದಷ್ಟೂ ಗೋಡೆ ದಾಟಿ ಬರೋದು ಕಷ್ಟವಂತೆ. 700 ಮೆಗಾಹರ್ಟ್ಸಿನದು ಹೇಗೋ ನುಸುಳಿಕೊಂಡು ಬರುತ್ತೆ, 3,300ರ ಮೇಲಿನದು ಗೋಡೆ ಕಂಡರೆ ಸುಸ್ತಾಗುತ್ತೆ. ಪಕ್ಕದ ರಸ್ತೆಯ ಗಣೇಶನ ಆರ್ಕೆಸ್ಟ್ರಾ ನೆನೆಸಿಕೊಳ್ಳಿ. ಡ್ರಮ್ಮಿನ ಧಬಧಬ ಕಿಟಕಿ ಬಾಗಿಲು ಮುಚ್ಚಿದ್ದರೂ ಮಂಚದವರೆಗೆ ಬರುತ್ತೆ. ಹಾಡಿನ ಮಾತು ಮಾತ್ರ ಒಂದೂ ತಿಳಿಯಲ್ಲ.

ಯಜಮಾನರದು ಬೇರೆ ಕಂಪನಿ. ನಂಬರ್ ಹಾಗೇ ಇಟ್ಟುಕೊಂಡು ಕಂಪನಿ ಬದಲಾಯಿಸೋ ಸೌಲಭ್ಯ 2011ರಲ್ಲಿ ಬಂತಲ್ಲ, ಆಗಲೇ 1900ಕ್ಕೆ ಮೆಸೇಜು ಹಾಕಿ ಆಚೆ ಹೋದವರು. ಅವರ ಸಿಗ್ನಲ್ಲು ಗೇಟಿನ ಹತ್ತಿರ, ನನ್ನದು ಹಿತ್ತಲಲ್ಲಿ. ಬೆಳಿಗ್ಗೆ ಎಂಟಕ್ಕೆ ಇಬ್ಬರಿಗೂ ಫೋನ್ ಬಂದರೆ ಮನೆಯೊಳಗೆ ಯಾರೂ ಇರಲ್ಲ. ಹಾಲು ಉಕ್ಕುತ್ತೆ.

ಮಾತಿನ ಮಧ್ಯೆ ಫೋನು ಕಟ್ಟಾದರೆ ಒಂದು ರೂಪಾಯಿ ಪರಿಹಾರ, ದಿನಕ್ಕೆ ಮೂರು ಸಲದ ಮಟ್ಟಿಗೆ, ಅಂತ ಟ್ರಾಯ್‌ನವರು 2016ರ ಜನವರಿಯಿಂದ ಒಂದು ನಿಯಮ ತಂದಿದ್ದರು. ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ಇದ್ದಿದ್ದರೆ ನನಗೆ ವರ್ಷಕ್ಕೆ 1,095 ರೂಪಾಯಿ ಬರುತ್ತಿತ್ತು. ಆ 763 ಅದರಲ್ಲೇ ಕಳೆದುಹೋಗುತ್ತಿತ್ತು.

ಕವರೇಜು ಅಂದಾಗ ನೆನಪಾಯಿತು. ಪಿ.ಪಿ. ನಂಬರ್ ಅಂದರೆ ಈಗಿನವರಿಗೆ ಗೊತ್ತಿರಲಾರದು. ಚಾಮರಾಜಪೇಟೆಯಲ್ಲಿ ನಮ್ಮ ತಂದೆ ಮೇಷ್ಟ್ರು. ಟೆಲಿಫೋನಿಗೆ ಅರ್ಜಿ ಹಾಕಿ ಏಳು ವರ್ಷ ಕಾದರು. ಅಷ್ಟು ದಿನವೂ ಲಗ್ನಪತ್ರಿಕೆ, ಜಾತಕದ ಪ್ರತಿ, ಎಲ್ಲದರ ಮೇಲೂ ಪಕ್ಕದ ಮನೆ ರಾಯರ ನಂಬರ್ ಬರೆದು, ಮುಂದೆ ಪಿ.ಪಿ. ಅಂತ ಸೇರಿಸುತ್ತಿದ್ದರು. ಅಂದರೆ ಫೋನು ನಮ್ಮದಲ್ಲ, ಕೇಳಿದರೆ ಕರೆದುಕೊಡುತ್ತಾರೆ ಅಂತ. ರಾಯರ ಹಾಲಿನ ಮೂಲೆಯಲ್ಲಿ ಕಪ್ಪು ಫೋನು, ಮೇಲೆ ಕ್ರೋಶಾ ಹೊದಿಕೆ, ಡಯಲ್ಲಿಗೆ ಸಣ್ಣ ಬೀಗ. ಬೀಗದ ಕೈ ರಾಯರ ಹೆಂಡತಿಯ ಸೊಂಟದಲ್ಲಿ. ಅವರನ್ನು ನಾವು ಅತ್ತೆ ಅಂತ ಕರೆಯುತ್ತಿದ್ದೆವು. ಪರಊರಿನಿಂದ ಟ್ರಂಕ್ ಕಾಲ್ ಬಂದರೆ ಅತ್ತೆ ಜಗಲಿಗೆ ಬಂದು "ಮೇಷ್ಟ್ರೇ... ಫೋನೂ..." ಅಂತ ಕೂಗೋರು. ಆ ಕೂಗು ಆಚೆ ತುದಿಯ ಹಿಟ್ಟಿನ ಗಿರಣಿಯವರೆಗೆ ಕೇಳಿಸುತ್ತಿತ್ತು. ಯಾವ ಗೋಡೆಯೂ ಅಡ್ಡ ಬರುತ್ತಿರಲಿಲ್ಲ. ಅಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಓಡುತ್ತಿದ್ದರು. ಹಿಂದೆ ಅಮ್ಮ, ಅಮ್ಮನ ಹಿಂದೆ ನಾವು ಮೂವರು.

ಇದಕ್ಕೂ ಒಂದು ಕಾಂಟ್ರಾಕ್ಟು ಇತ್ತು, ಕಾಗದದ ಮೇಲೆ ಇರಲಿಲ್ಲ ಅಷ್ಟೇ. ಯುಗಾದಿಗೆ ಎಂಟು ಒಬ್ಬಟ್ಟು, ಸಂಕ್ರಾಂತಿಗೆ ಎಳ್ಳುಬೆಲ್ಲ. ರಾಯರ ಮಗನಿಗೆ ಎಸ್ಸೆಸ್ಸೆಲ್ಸಿವರೆಗೆ ಬಿಟ್ಟಿ ಗಣಿತ ಪಾಠ. ನಮ್ಮ ಮರದ ನುಗ್ಗೆಕಾಯಿ ಬಿಟ್ಟಾಗಲೆಲ್ಲ ಒಂದು ಕಟ್ಟು.

ಆ ನುಗ್ಗೆಮರದಿಂದಲೇ ಕೆಟ್ಟಿತು. 1984ರ ಮಳೆಗಾಲ. ಮರದ ತುಂಬ ಕಂಬಳಿಹುಳ. ಒಂದು ಕೊಂಬೆ ಕಾಂಪೌಂಡು ದಾಟಿ ರಾಯರ ಹಿತ್ತಲಿಗೆ ಬಾಗಿತ್ತು. ಹುಳಗಳು ಸಾಲಾಗಿ ಅವರ ಒಣಹಾಕಿದ ಬಟ್ಟೆಯ ಮೇಲೆ ಇಳಿದವು. ಅತ್ತೆಯ ಮಡಿಸೀರೆಗೂ ಹತ್ತಿದವು. ಅತ್ತೆ ಕೆರೆದುಕೊಳ್ಳುತ್ತಲೇ ಬಂದು "ಮರ ಕಡಿಸಿ" ಅಂದರು. ನಮ್ಮಮ್ಮನ ಬಾಯಿ ಸುಮ್ಮನಿರಬೇಕಲ್ಲ. "ಕಾಯಿ ಹುಳಿಗೆ ಹಾಕುವಾಗ ಹುಳ ಕಾಣಲಿಲ್ವಾ?" ಅಂದುಬಿಟ್ಟರು. ತಿಂಗಳುಗಟ್ಟಲೆ ನಮಗೆ ಒಂದು ಫೋನೂ ಬರಲಿಲ್ಲ. ಬರುತ್ತಿತ್ತು ಅನ್ನೋದು ಆಮೇಲೆ ತಿಳಿಯಿತು.

ಆಗ ನನಗೆ ಗಂಡು ನೋಡುತ್ತಿದ್ದರು. ದಾವಣಗೆರೆಯ ಕಡೆಯವರು ಬಂದು ಉಪ್ಪಿಟ್ಟು ತಿಂದು, ಒಪ್ಪಿಗೆಯೋ ಇಲ್ಲವೋ ಫೋನ್ ಮಾಡಿ ತಿಳಿಸುತ್ತೇವೆ ಅಂತ ಹೇಳಿ ಹೋಗಿದ್ದರು. ಅಪ್ಪ ಜಗಲಿಯಲ್ಲೇ ಪೇಪರ್ ಓದುತ್ತಾ ಎರಡು ವಾರ ಕೂತರು. ಪಕ್ಕದ ಮನೆಯಲ್ಲಿ ಫೋನು ರಿಂಗಾದಾಗಲೆಲ್ಲ ಪೇಪರ್ ಕೆಳಗಿಳಿಯೋದು, ಮತ್ತೆ ಮೇಲೇರೋದು. ಕೊನೆಗೆ ಇನ್‌ಲ್ಯಾಂಡ್ ಪತ್ರ ಬಂತು. ಎರಡು ಸಲ ಟ್ರಂಕ್ ಕಾಲ್ ಮಾಡಿದೆವು, ತಾವು ಊರಿನಲ್ಲಿ ಇಲ್ಲವೆಂದು ತಿಳಿಯಿತು, ಬೇರೆ ಕಡೆ ನಿಶ್ಚಯವಾಯಿತು, ಅನ್ಯಥಾ ಭಾವಿಸಬಾರದು ಅಂತ. ಅಪ್ಪ ಆ ಪತ್ರವನ್ನು ಓದಿ, ಎರಡಾಗಿ ಮಡಿಸಿ, ಮಚ್ಚು ತಗೊಂಡು ಹಿತ್ತಲಿಗೆ ಹೋದರು. ನಾವೆಲ್ಲ ಹೆದರಿದೆವು. ಅವರು ಮರ ಹತ್ತಿ ಆ ಒಂದು ಕೊಂಬೆ ಕಡಿದರು. ಅಷ್ಟೇ, ಮರ ಕಡಿಯಲಿಲ್ಲ. ಅಮ್ಮ ಮುಂದಿನ ಯುಗಾದಿಗೆ ಎಂಟರ ಬದಲು ಹನ್ನೆರಡು ಒಬ್ಬಟ್ಟು ಕಳಿಸಿದರು. ತದಿಗೆಯ ದಿನ ಬೆಳಿಗ್ಗೆ ಜಗಲಿಯಿಂದ "ಮೇಷ್ಟ್ರೇ... ಫೋನೂ..." ಅಂತ ಕೇಳಿಸಿತು. ಆ ಫೋನು ಸೊಸೈಟಿಯ ಮೀಟಿಂಗಿನ ಬಗ್ಗೆ. ಆದರೂ ಅಪ್ಪ ಓಡಿದ್ದು ಅದೇ ರಭಸದಲ್ಲಿ.

ಈ ಕಥೆ ಹೇಳಿದಾಗಲೆಲ್ಲ ನಮ್ಮ ಯಜಮಾನರು "ಎಲ್ಲಾ ಆ ಕಂಬಳಿಹುಳದಿಂದ" ಅಂತ ನಿಟ್ಟುಸಿರು ಬಿಡುತ್ತಾರೆ. ಯಾವ ಅರ್ಥದಲ್ಲಿ ಅಂತ ನಾನು ಕೇಳೋಕೆ ಹೋಗಿಲ್ಲ.

ಎಲ್ಲಿದ್ದೆ? ಲಾಯಕ್ಕೋ ದಂಡವೋ ಅನ್ನೋದಲ್ವಾ? ಇಷ್ಟು ಬರೆಯುವಷ್ಟರಲ್ಲಿ ಈ ವರ್ಷದ ಯುಗಾದಿಯೇ ಬಂದುಬಿಟ್ಟಿತು. ಅದಕ್ಕೆ ನಾಲ್ಕು ದಿನ ಮುಂಚೆ ಇನ್ನೊಂದು ಘಟನೆ ಆಯಿತು.

ಪಕ್ಕದ ಬಿಲ್ಡಿಂಗಿನ ಮೊದಲ ಮಹಡಿಗೆ ಧಾರವಾಡದ ಹುಡುಗಿಯೊಬ್ಬಳು ಬಾಡಿಗೆಗೆ ಬಂದಿದ್ದಾಳೆ. ಅವಳ ಬಾಲ್ಕನಿ ನಮ್ಮ ಹಿತ್ತಲಿನ ಮೇಲೇ ಇದೆ. ಬಿಲ್ಡಿಂಗಿನವನು ಜಾಗ ಬಿಡದೆ ಕಟ್ಟಿದ್ದಾನೆ, ಕೈ ಚಾಚಿದರೆ ಕಾಫಿ ಲೋಟ ಕೊಡಬಹುದು. ಆವತ್ತು ಬಗ್ಗಿ ನೋಡಿ, "ಆಂಟಿ, ದಿನಾ ಯಾಕ್ರಿ ಕಲ್ಲಿನ ಮ್ಯಾಲೆ ನಿಂದರತೀರಿ? ಬಿದ್ದೀರಿ ಮತ್ತ" ಅಂದಳು. ಹೇಳಿದೆ. "ಅಯ್ಯ, ವೈಫೈ ಕಾಲಿಂಗ್ ಹಚ್ಚಿಕೊಳ್ರಿ. ನಮ್ಮ ವೈಫೈ ನಿಮ್ಮ ಅಡಿಗಿ ಮನೀತನಕಾ ಬರ್ತೈತಿ" ಅಂತ ಪಾಸ್‌ವರ್ಡ್ ಹೇಳಿದಳು. ಟವರಿನ ಸಿಗ್ನಲ್ಲು ಇಲ್ಲದಿದ್ದರೂ ವೈಫೈ ಮೇಲೇ ಮಾತು ಹೋಗುತ್ತಂತೆ. ಸೆಟ್ಟಿಂಗ್ಸಿನಲ್ಲಿ ಒಂದು ಗುಂಡಿ ಒತ್ತಿದ್ದು, ಅಷ್ಟೇ. ಈಗ ಒಲೆಯ ಮುಂದೆ ನಿಂತು ಅಕ್ಕನ ಜೊತೆ ಮುಕ್ಕಾಲು ಗಂಟೆ ಮಾತಾಡುತ್ತೇನೆ. ಒಂದು ಸಲವೂ ಕಟ್ಟಾಗಲ್ಲ, ಅದೇ ಒಂದು ಕಷ್ಟವಾಗಿದೆ.

ಆ ಗುಂಡಿ ನನ್ನ ಹಳೇ ಫೋನಿನಲ್ಲೂ ಇತ್ತು. ಕಪಾಟಿನಿಂದ ತೆಗೆದು ನೋಡಿದೆ. ಇತ್ತು. 36 ಸಾವಿರ, ಮೇಲೆ 763. ಇದನ್ನು ಯಜಮಾನರಿಗೆ ಹೇಳಿಲ್ಲ. ಅಕ್ಕನ ಮಗಳಿಗೂ ಹೇಳಿಲ್ಲ.

ನಮ್ಮದೇ ಒಂದು ವೈಫೈ ಹಾಕಿಸಿಕೊಳ್ಳಬಹುದಿತ್ತು ಅನ್ನುತ್ತೀರಿ. ಇಬ್ಬರು ಮುದುಕರಿಗೆ ಇನ್ನೊಂದು ತಿಂಗಳ ಬಿಲ್ಲು ಯಾಕೆ? ಯುಗಾದಿ ದಿನ ಎಂಟು ಒಬ್ಬಟ್ಟು ಬಾಳೆ ಎಲೆಯಲ್ಲಿ ಸುತ್ತಿ, ತುಪ್ಪದ ಗಿಂಡಿಯ ಸಮೇತ ಬಾಲ್ಕನಿಗೆ ಚಾಚಿದೆ. "ಆಂಟಿ, ಸಕ್ರಿ, ಬೆಲ್ಲ ಎಲ್ಲಾ ಬಿಟ್ಟೀನ್ರಿ, ಆರು ತಿಂಗಳಾತು" ಅಂತ ಕೈಮುಗಿದಳು. ಮೈದಾನೂ ತಿನ್ನಲ್ಲವಂತೆ. ಗಣಿತ ಹೇಳಿಕೊಡೋಣ ಅಂದರೆ ಅವಳು ಇಂಜಿನಿಯರು. ನಮ್ಮ ಹಿತ್ತಲಲ್ಲಿ ನುಗ್ಗೆಮರವೂ ಇಲ್ಲ.

ಹೋದ ಸೋಮವಾರ ಹಿತ್ತಲಲ್ಲಿ ಹಳೇ ಪಂಚೆ ಹಾಸಿ ಅಕ್ಕಿ ಸಂಡಿಗೆ ಇಟ್ಟಿದ್ದೆ. ಐದು ಗಂಟೆಗೆ ಎದ್ದು ಹಿಟ್ಟು ಗೊಟಾಯಿಸಿ, ಸೊಂಟ ಬಗ್ಗಿಸಿ ಸಾಲುಸಾಲಾಗಿ ಇಟ್ಟದ್ದು. ಹತ್ತು ಗಂಟೆಗೆ ಅವಳು ಬಾಲ್ಕನಿಯಲ್ಲಿ ಹೂಕುಂಡಗಳಿಗೆ ನೀರು ಹಾಕಿದಳು. ಕಿವಿಗೆ ಇಯರ್‌ಫೋನು, ಆಫೀಸಿನ ಮಾತು. ಕುಂಡದ ತಳದಿಂದ ಮಣ್ಣುನೀರು ಸರಿಯಾಗಿ ಮಧ್ಯದ ಮೂರು ಸಾಲಿನ ಮೇಲೆ ತೊಟ್ಟಿಕ್ಕಿತು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಡುಗೆಮನೆಯಲ್ಲಿ ಫೋನು ರಿಂಗಾಯಿತು.

ಮೇಲೆ ನೋಡಿ ನಕ್ಕೆ. ಪಂಚೆ ಎಳೆದು ಆಚೆ ಕಡೆಗೆ ಹಾಸಿದೆ.