ಸಾಕ್ಷಿಗಳು ಮನೆಯಲ್ಲೇ ಇದ್ದಾರೆ

ಮಕ್ಕಳ ಕಾದಂಬರಿಯ ನಾಯಕಿಯನ್ನು ಸಾವಿರ ವರ್ಷ ಹಿಂದಕ್ಕೆ ಕಳಿಸಿ, ಯಾರೂ ತಕರಾರು ತೆಗೆಯುವುದಿಲ್ಲ. ರಾಜನ ಚಪ್ಪಲಿಯ ಹೊಲಿಗೆ ಎಣಿಸಿದವರು ಯಾರಿದ್ದಾರೆ? ಅದೇ 1995ಕ್ಕೆ ಕಳಿಸಿ ನೋಡಿ. ಓದುವ ಮಗುವಿನ ಪಕ್ಕದಲ್ಲೇ ಅಮ್ಮ, ಸೋದರಮಾವ ಕೂತಿರುತ್ತಾರೆ. "ಏಯ್, ಇದೆಲ್ಲ ಆಗೆಲ್ಲಿತ್ತು?" ಎಂದು ಒಬ್ಬರು ಬಾಯಿಬಿಟ್ಟರೆ ಸಾಕು, ಕಾಲಯಂತ್ರ ಅಲ್ಲೇ ಪಂಕ್ಚರ್.

ಮೊದಲು ಕೈಕೊಡುವುದು ನಾಯಕಿಯ ಜೇಬಿನ ಮೊಬೈಲು. "ನೆಟ್‌ವರ್ಕ್ ಇಲ್ಲ" ಎಂದು ಬರೆದು ಲೇಖಕರು ಕೈತೊಳೆದುಕೊಳ್ಳುತ್ತಾರೆ. ಟಾರ್ಚು, ಕ್ಯಾಮೆರಾ, ಕ್ಯಾಲ್ಕ್ಯುಲೇಟರುಗಳಿಗೆ ನೆಟ್‌ವರ್ಕಿನ ಹಂಗೇ ಇಲ್ಲ; ಇದು ಹತ್ತು ವರ್ಷದ ಓದುಗರಿಗೆ ಚೆನ್ನಾಗಿ ಗೊತ್ತು. ಹಾಗೆಂದು ಫೋಟೊ ತೆಗೆಸಿ ಆ ಕಾಲದ ಕಂಪ್ಯೂಟರಿನ ಫ್ಲಾಪಿ ಡಿಸ್ಕಿನಲ್ಲಿ ಬಚ್ಚಿಡಿಸಿದರೆ ಇನ್ನೊಂದು ಎಡವಟ್ಟು. ಫ್ಲಾಪಿಯಲ್ಲಿ ಹಿಡಿಯುವುದೇ 1.44 ಎಂಬಿ, ಈಗಿನ ಮೊಬೈಲಿನ ಒಂದು ಫೋಟೊ ಸಾಮಾನ್ಯವಾಗಿ ಅದಕ್ಕಿಂತ ದೊಡ್ಡದು. ಫೋನನ್ನು ಕಂಪ್ಯೂಟರಿಗೆ ಜೋಡಿಸುವ ಯುಎಸ್‌ಬಿ ಬರುವುದೂ 1996ಕ್ಕೆ. ಸುಲಭದ ದಾರಿ: ಚಾರ್ಜರನ್ನು ವರ್ತಮಾನದಲ್ಲೇ ಮರೆಸಿ, ಮೂರನೇ ಅಧ್ಯಾಯಕ್ಕೆ ಬ್ಯಾಟರಿ ಮುಗಿಸಿಬಿಡಿ.

ಇನ್ನು ಡಯಲ್ ಫೋನು. "ಪಟಪಟನೆ ನಂಬರ್ ಒತ್ತಿದಳು" ಎಂದು ಬರೆದಿರೋ, ಕೆಟ್ಟಿರಿ; ಅಲ್ಲಿ ಒತ್ತಲು ಏನೂ ಇಲ್ಲ. ರಿಸೀವರ್ ಎತ್ತಬೇಕು, ಟೋನ್ ಬಂತೇ ಎಂದು ಕೇಳಬೇಕು, ತೂತಿಗೆ ಬೆರಳಿಟ್ಟು ಕೊಕ್ಕೆಯವರೆಗೆ ತಿರುಗಿಸಿ ಬಿಡಬೇಕು. ಬಿಟ್ಟ ಮೇಲೆ ಡಯಲ್ ತಾನಾಗಿಯೇ ಕಿರ್ರ್ ಎಂದು ವಾಪಸ್ ಬರುತ್ತದೆ, ಆಗಲೇ ಅಂಕಿ ಎಕ್ಸ್‌ಚೇಂಜಿಗೆ ಹೋಗುವುದು. ಅವಸರಕ್ಕೆ ಕೈಯಿಂದ ದೂಡಿದರೆ ರಾಂಗ್ ನಂಬರ್. ಬಹುತೇಕ ದೇಶಗಳಲ್ಲಿ 1ಕ್ಕೆ ಒಂದು ಪಲ್ಸ್ (ತಂತಿಯಲ್ಲಿ ಹೋಗುವ ವಿದ್ಯುತ್ ಮಿಡಿತ), 0ಗೆ ಹತ್ತು. ಆ ಹತ್ತಕ್ಕೇ ಸುಮಾರು ಒಂದು ಸೆಕೆಂಡು. ಖಳನಾಯಕ ಮೆಟ್ಟಿಲು ಹತ್ತುತ್ತಿರುವಾಗ ನಂಬರಿನ ತುಂಬ ಸೊನ್ನೆಗಳಿದ್ದರೆ ರೋಮಾಂಚನ ಬಿಟ್ಟಿ ಸಿಗುತ್ತದೆ. ಇಂಥದ್ದನ್ನು ಬಿಟ್ಟು ಗುಡುಗು ಸಿಡಿಲು ತರುವುದೇಕೋ!

ಕ್ಯಾಸೆಟ್ಟಿನ ಟೇಪು ಸಿಕ್ಕಿಕೊಂಡರೆ, ಅದರ ಹಲ್ಲಿನ ತೂತಿಗೆ ತೂರಿಸಿ ಸುತ್ತಲು ಪೆನ್ಸಿಲ್ ಕೊಡಿ. ಆದರೆ ಮೂಲೆಗಳಿರುವ ಪೆನ್ಸಿಲ್ಲೇ ಆಗಬೇಕು. ಗುಂಡನೆಯದು ಹಲ್ಲುಗಳ ನಡುವೆ ಜಾರುತ್ತದೆ.

ವಯಸ್ಸಿನ ಲೆಕ್ಕವನ್ನು ಗೋಡೆಗೇ ಅಂಟಿಸಿಕೊಳ್ಳಿ. 2025ರಲ್ಲಿ 40 ವರ್ಷದ ಅಮ್ಮ 1995ರಲ್ಲಿ ಹತ್ತರ ಹುಡುಗಿ. ಐದನೇ ಅಧ್ಯಾಯದಲ್ಲಿ ಅವಳು ಕಾಲೇಜಿಗೆ ಹೊರಟರೆ ಮಕ್ಕಳು ಪೆನ್ನಿನಲ್ಲೇ ತಿದ್ದುತ್ತಾರೆ.

ವಾರಗಳಿಗೆ ಮಾತ್ರ ಒಳದಾರಿಯಿದೆ: 1995ರ ತಾರೀಖು, ವಾರಗಳು 2023ರ ಕ್ಯಾಲೆಂಡರಿಗೆ ಚಾಚೂ ತಪ್ಪದೆ ಹೊಂದುತ್ತವೆ. ಹುಣ್ಣಿಮೆಗಳು ಹೊಂದುವುದಿಲ್ಲ. ಬೆಳದಿಂಗಳಲ್ಲಿ ಓಡುವ ದೃಶ್ಯವಿದ್ದರೆ ಹಳೆಯ ಪಂಚಾಂಗ ಹುಡುಕಿ, ಇಲ್ಲವೇ ಮೋಡ ಕವಿಸಿಬಿಡಿ.